ದೂರದ ನೆರೆಯವರು

ಬೆಳಗಿನ ಹೊತ್ತು ಯಶವಂತಪುರದಿಂದ ಗೊರಗುಂಟೆಪಾಳ್ಯದ ಮಾರ್ಗವಾಗಿ ಪೀಣ್ಯದ ಕಡೆಗೆ ಹೊರಟವರ ಕಣ್ಣಿಗೆ ಒಂದು ದೃಶ್ಯ ತಪ್ಪದೆ ಬೀಳುತ್ತದೆ. ಕೈಯಲ್ಲಿ ಊಟದ ಡಬ್ಬಿಯ ಚೀಲ, ಕೊರಳಲ್ಲಿ ಗುರುತಿನ ಚೀಟಿ, ಮುಡಿಯಲ್ಲಿ ಒಂದೆಳೆ ಹೂವು ಧರಿಸಿ, ನೂರಾರು ಹೆಣ್ಣುಮಕ್ಕಳು ಗುಂಪುಗುಂಪಾಗಿ ನಡೆಯುತ್ತಿರುತ್ತಾರೆ. ಸಿದ್ಧ ಉಡುಪಿನ ಕಾರ್ಖಾನೆಯ ಬಾಗಿಲು ಮುಚ್ಚುವುದರೊಳಗೆ ಒಳಸೇರಬೇಕೆಂಬ ಅವಸರ ಅವರದು. ಅವರಲ್ಲಿ ಬಹುಮಂದಿ ಮಂಡ್ಯ, ತುಮಕೂರು, ಹಾಸನ, ಚಿತ್ರದುರ್ಗದ ಹಳ್ಳಿಗಳಿಂದ ಬಂದವರು. ಮಳೆ ಕೈಕೊಟ್ಟ ವರ್ಷ ಹೊಲವನ್ನು ನಂಬಲಾರದೆ ಹೊಲಿಗೆಯ ಯಂತ್ರವನ್ನು ನಂಬಿ ಬಂದವರು. ಅವರು ಹೊಲಿದ ಅಂಗಿಯನ್ನು ಅವರ ಮನೆಯವರು ಯಾರೂ ತೊಡುವುದಿಲ್ಲ. ಅದು ಹಡಗನ್ನೇರಿಯೋ ದೇವನಹಳ್ಳಿಯಿಂದ ವಿಮಾನವನ್ನೇರಿಯೋ ಸಮುದ್ರದಾಚೆಗೆ ಹೋಗುತ್ತದೆ.

ಯಲಹಂಕದ ನಮ್ಮ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಪ್ರಸಂಗ ನಡೆಯಿತು. ಜರ್ಮನಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳೊಬ್ಬರು ರಜೆಗೆ ಬಂದಾಗ ಮನೆಯ ಮಕ್ಕಳಿಗೆಂದು ಅಂಗಿಗಳನ್ನು ತಂದಿದ್ದರು. ಎಲ್ಲರೂ ಅವುಗಳ ಬಣ್ಣವನ್ನೂ ಮೃದುತನವನ್ನೂ ಮೆಚ್ಚುತ್ತಿದ್ದಾಗ, ಹಾಲು ಕೇಳಲು ಬಂದಿದ್ದ ನೆರೆಮನೆಯ ಹೆಣ್ಣುಮಗಳು ಒಂದು ಅಂಗಿಯನ್ನು ಎತ್ತಿ, ಒಳಮೈ ತಿರುವಿ, ಕೊರಳಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಕೆ ಪೀಣ್ಯದ ಕಡೆಯ ಒಂದು ಕಾರ್ಖಾನೆಯಲ್ಲಿ ಕೊರಳಪಟ್ಟಿಯ ವಿಭಾಗದಲ್ಲೇ ಹನ್ನೊಂದು ವರ್ಷ ದುಡಿದವಳು. ಒಳಗಿನ ಚೀಟಿಯಲ್ಲಿ ಭಾರತದಲ್ಲಿ ತಯಾರಾದುದೆಂದು ಅಚ್ಚಾಗಿತ್ತು. "ಇದು ನಮ್ಮದಲ್ಲ, ಆದರೆ ನಮ್ಮಂಥವರದೇ ಕೈ" ಎಂದಳು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಇದನ್ನು ಅಲ್ಲಿ ಕೊಳ್ಳುವವರಿಗೆ ನಾವು ಇದ್ದೇವೆ ಅನ್ನುವುದು ಗೊತ್ತಿರುತ್ತದೆಯೇ?" ಎಂದು ಕೇಳಿದಳು. ಜರ್ಮನಿಯ ಬಂಧುಗಳು ಉತ್ತರಿಸಲಿಲ್ಲ. ನಾವೂ ಉತ್ತರಿಸಲಿಲ್ಲ. ಆ ಪ್ರಶ್ನೆಯೇ ಈ ತಿಂಗಳ ನಮ್ಮ ಅಂಕಣದ ವಸ್ತು.

ಇದು ಕೇವಲ ಕನಿಕರದ ಪ್ರಶ್ನೆಯೆಂದು ಓದುಗರು ಭಾವಿಸಬಾರದು. ಇದು ನ್ಯಾಯಶಾಸ್ತ್ರದ ಒಂದು ದೊಡ್ಡ ಪ್ರಶ್ನೆ. ಒಂದು ದೇಶದ ಕಂಪೆನಿ ಇನ್ನೊಂದು ದೇಶದಲ್ಲಿ ಮಾಡಿಸಿಕೊಳ್ಳುವ ಕೆಲಸದಿಂದ ಅಲ್ಲಿಯ ಜನಕ್ಕೆ ಹಾನಿಯಾದರೆ, ಅದಕ್ಕೆ ಆ ಕಂಪೆನಿ ಹೊಣೆಯೇ? ಹೊಣೆಯೆನ್ನುವುದಾದರೆ ಅದು ಮನಸ್ಸಿಗೆ ಬಂದಾಗ ಹೊರುವ ಹೊಣೆಯೇ, ಕಾನೂನು ಹೊರಿಸುವ ಹೊಣೆಯೇ?

ಕಾನೂನಿನಲ್ಲಿ ಕಾಳಜಿಯ ಹೊಣೆ ಎಂಬ ಮಾತಿಗೆ ಒಂದು ಚರಿತ್ರೆಯಿದೆ. 1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನಲ್ಲಿ ಮಹಿಳೆಯೊಬ್ಬರಿಗೆ ಸ್ನೇಹಿತೆಯೊಬ್ಬರು ಶುಂಠಿಯ ಪಾನೀಯ ಕೊಡಿಸಿದರು. ಕಪ್ಪು ಬಣ್ಣದ ಆ ಸೀಸೆಯ ತಳದಲ್ಲಿ ಕೊಳೆತ ಬಸವನಹುಳು ಇತ್ತೆಂದೂ ಅದನ್ನು ಕುಡಿದು ತಮಗೆ ಕಾಯಿಲೆಯಾಯಿತೆಂದೂ ಆಕೆ ದಾವೆ ಹೂಡಿದರು. ಹಣ ಕೊಟ್ಟವರು ಸ್ನೇಹಿತೆ, ಮಾರಿದವನು ಅಂಗಡಿಯವನು. ಕುಡಿದವಳಿಗೂ ತಯಾರಿಸಿದವನಿಗೂ ನಡುವೆ ಯಾವ ಕರಾರೂ ಇರಲಿಲ್ಲ. ಆದರೂ ತಯಾರಕ ಹೊಣೆಯಾಗಬಹುದೆಂದು 1932ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ತೀರ್ಪಿತ್ತಿತು. ತೀರ್ಪು ಬರೆದವರಲ್ಲಿ ಒಬ್ಬರಾದ ಲಾರ್ಡ್ ಅಟ್ಕಿನ್ ಅವರು ಕಾನೂನಿನ ದೃಷ್ಟಿಯಲ್ಲಿ ನೆರೆಯವನು ಯಾರು ಎಂಬ ಪ್ರಶ್ನೆಯನ್ನೆತ್ತಿ, ನಮ್ಮ ಕೆಲಸದಿಂದ ಯಾರಿಗೆ ನೋವಾದೀತೆಂದು ನಾವು ಮುಂದಾಗಿ ಊಹಿಸಬಲ್ಲೆವೋ ಅವರೆಲ್ಲರೂ ನಮ್ಮ ನೆರೆಯವರೇ ಎಂಬರ್ಥದ ಉತ್ತರ ಕೊಟ್ಟರು. ನಮ್ಮ ದೇಶದ ನ್ಯಾಯಾಲಯಗಳೂ ಈ ತತ್ತ್ವವನ್ನು ಒಪ್ಪಿ ನಡೆದಿವೆ.

ತತ್ತ್ವವೇನೋ ಸರಳವಾಗಿಯೇ ಇದೆ. ಆದರೆ ವ್ಯಾಪಾರವು ಸಮುದ್ರ ದಾಟಿದೊಡನೆ ನೆರೆಯವರ ನಡುವೆ ಗೋಡೆಗಳೇಳುತ್ತವೆ. ಮೊದಲನೆಯದು ತಾಯಿ ಕಂಪೆನಿ ಬೇರೆ, ಅಂಗಸಂಸ್ಥೆ ಬೇರೆ ಎಂಬ ಗೋಡೆ. ಎರಡನೆಯದು ಸರಕು ಕೊಳ್ಳುವವನು ಬೇರೆ, ತಯಾರಿಸಿ ಕೊಡುವವನು ಬೇರೆ ಎಂಬ ಗೋಡೆ. ಮೂರನೆಯದು ನ್ಯಾಯಾಲಯದ ಎಲ್ಲೆ. ಭೋಪಾಲದ ದುರಂತವನ್ನು ನೆನೆಯೋಣ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ವಿಷಾನಿಲ ಹರಡಿ ಸಾವಿರಾರು ಜನ ಪ್ರಾಣ ಬಿಟ್ಟರು. ಆ ಕಾರ್ಖಾನೆಯನ್ನು ನಡೆಸುತ್ತಿದ್ದ ಭಾರತೀಯ ಕಂಪೆನಿಯ ಅರ್ಧಕ್ಕಿಂತ ಹೆಚ್ಚಿನ ಷೇರುಗಳು ಅಮೆರಿಕದ ಯೂನಿಯನ್ ಕಾರ್ಬೈಡಿನ ಕೈಯಲ್ಲಿದ್ದವು. ನಮ್ಮ ಸರ್ಕಾರ ನ್ಯೂಯಾರ್ಕಿನ ನ್ಯಾಯಾಲಯದ ಬಾಗಿಲು ತಟ್ಟಿತು. 1986ರಲ್ಲಿ ಆ ನ್ಯಾಯಾಲಯ, ಈ ವ್ಯಾಜ್ಯಕ್ಕೆ ಭಾರತವೇ ತಕ್ಕ ಸ್ಥಳವೆಂದು ಹಿಂದಕ್ಕೆ ಕಳುಹಿಸಿತು. ಕೊನೆಗೆ 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಆ ಮೊತ್ತ ಸಂತ್ರಸ್ತರ ಪಾಲಿಗೆ ಎಷ್ಟು ಅಲ್ಪವಾಗಿತ್ತೆಂಬುದನ್ನು ದೇಶವೇ ಬಲ್ಲದು.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ನಾಡಿನಲ್ಲೇ, ಆ ನೆರೆಮನೆಯ ಹೆಣ್ಣುಮಗಳ ವೇತನಚೀಟಿಯಲ್ಲೇ ಈ ಪ್ರಶ್ನೆಯ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟಿದೆ.

ಕರ್ನಾಟಕದಲ್ಲಿ ಕನಿಷ್ಠ ವೇತನದ ಒಂದು ಭಾಗ ಬೆಲೆಯೇರಿಕೆಯನ್ನು ಅನುಸರಿಸಿ ಬದಲಾಗುವ ತುಟ್ಟಿಭತ್ಯೆ. ಅದು ಪ್ರತಿ ವರ್ಷ ಏಪ್ರಿಲ್ ಒಂದರಿಂದ ಏರುತ್ತದೆ. 2020ರ ಏಪ್ರಿಲ್‌ನಲ್ಲಿ ಸಿದ್ಧ ಉಡುಪು ಕಾರ್ಮಿಕರಿಗೆ ಸಲ್ಲಬೇಕಾಗಿದ್ದ ಏರಿಕೆ ತಿಂಗಳಿಗೆ ಸುಮಾರು 417 ರೂಪಾಯಿ. ಮಹಾಮಾರಿ ಕಾಲಿಟ್ಟ ಆ ದಿನಗಳಲ್ಲಿ ರಾಜ್ಯ ಸರ್ಕಾರವು ಆದೇಶವೊಂದನ್ನು ಹೊರಡಿಸಿ ಆ ಏರಿಕೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಕಾರ್ಮಿಕ ಸಂಘಟನೆಗಳು ಉಚ್ಚ ನ್ಯಾಯಾಲಯಕ್ಕೆ ಹೋದವು. 2020ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಅಂದರೆ ಏರಿಕೆಯ ಹಣವನ್ನು ಬಾಕಿಸಹಿತ ಕೊಡಲೇಬೇಕಾಗಿತ್ತು. ಆದರೆ ಬಹುಪಾಲು ಕಾರ್ಖಾನೆಗಳು ಕೊಡಲಿಲ್ಲ. ತಿಂಗಳುಗಳು ಉರುಳಿದವು, 2021ರ ವರ್ಷವೇ ಕಳೆಯುತ್ತ ಬಂತು.

ತಿಂಗಳಿಗೆ 417 ರೂಪಾಯಿ ಎಂದರೆ ಏನು ಮಹಾ ಎಂದು ಕೆಲವರಿಗೆ ಅನ್ನಿಸಬಹುದು. ವರ್ಷಕ್ಕೆ ಅದು ಐದು ಸಾವಿರವನ್ನು ಮುಟ್ಟುತ್ತದೆ. ಆ ಹೆಣ್ಣುಮಗಳ ಮನೆಯಲ್ಲಿ ಐದು ಸಾವಿರವೆಂದರೆ ಮಗಳ ಶಾಲೆಯ ಶುಲ್ಕ. ಅದು ಇಲ್ಲದಿದ್ದಾಗ ಆಕೆ ಸಾಲ ತಂದಳು, ಸಾಲಕ್ಕೆ ಬಡ್ಡಿ ತೆತ್ತಳು. ಹೀಗೆ ನ್ಯಾಯವಾಗಿ ಸಲ್ಲಬೇಕಾದ ಹಣ ತಡವಾದರೆ ಬಡವರ ಮನೆಯಲ್ಲಿ ಅದು ಎರಡು ಬಗೆಯ ನಷ್ಟವಾಗುತ್ತದೆ. ಇಂಥ ಮನೆಗಳು ರಾಜ್ಯದಲ್ಲಿ ಒಂದೆರಡಲ್ಲ. ವಾಷಿಂಗ್ಟನ್ನಿನ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸಂಸ್ಥೆ 2021ರ ಡಿಸೆಂಬರಿನಲ್ಲಿ ಲೆಕ್ಕ ಹಾಕಿ ಹೇಳಿದ ಸಂಖ್ಯೆ ನಾಲ್ಕು ಲಕ್ಷಕ್ಕೂ ಹೆಚ್ಚು. ಆ ಸಂಸ್ಥೆಯ ಮಾತಿನಲ್ಲಿ ಅದು ತಾನು ಕಂಡ ವೇತನ ವಂಚನೆಗಳಲ್ಲೆಲ್ಲ ದೊಡ್ಡದು.

ಮುಂದೆ ನಡೆದುದನ್ನು ಗಮನಿಸಬೇಕು. ಈ ಕಾರ್ಖಾನೆಗಳಲ್ಲಿ ಉಡುಪು ಮಾಡಿಸಿಕೊಳ್ಳುತ್ತಿದ್ದವರು ಯೂರೋಪು ಮತ್ತು ಅಮೆರಿಕದ ಪ್ರಸಿದ್ಧ ಕಂಪೆನಿಗಳು. ಅವೆಲ್ಲವೂ ತಮ್ಮ ಸರಬರಾಜುದಾರರು ಸ್ಥಳೀಯ ಕಾನೂನನ್ನು ಪಾಲಿಸತಕ್ಕದ್ದೆಂದು ನೀತಿಸಂಹಿತೆ ಬರೆದುಕೊಂಡಿದ್ದವು. ಆ ದೇಶಗಳ ಪತ್ರಿಕೆಗಳಲ್ಲಿ ವಿಷಯ ಬಯಲಾದ ಮೇಲೆ ಅವುಗಳ ಮೇಲೆ ಒತ್ತಡ ಬಿತ್ತು. ಅವು ಕಾರ್ಖಾನೆಗಳ ಮೇಲೆ ಒತ್ತಡ ಹಾಕಿದವು. ದೇಶದ ಅತಿ ದೊಡ್ಡ ಉಡುಪು ರಫ್ತು ಸಂಸ್ಥೆಗಳಲ್ಲೊಂದಾದ ಶಾಹಿ ಎಕ್ಸ್‌ಪೋರ್ಟ್ಸ್ 2022ರ ಆರಂಭದಲ್ಲಿ ಸುಮಾರು 80 ಸಾವಿರ ಕಾರ್ಮಿಕರಿಗೆ ಬಾಕಿ ಕೊಡಲು ಒಪ್ಪಿತು. ಅನಂತರ ಇತರ ಕಾರ್ಖಾನೆಗಳೂ ಕೊಡತೊಡಗಿದವು. ನಮ್ಮ ನೆರೆಮನೆಯ ಹೆಣ್ಣುಮಗಳಿಗೂ ಆ ವರ್ಷ ಎರಡು ಕಂತಿನಲ್ಲಿ ಬಾಕಿ ಬಂತು.

ಇಲ್ಲಿ ನಾವು ಮನಗಾಣಬೇಕಾದುದು ಎರಡು ಸಂಗತಿಗಳನ್ನು. ನಮ್ಮದೇ ಉಚ್ಚ ನ್ಯಾಯಾಲಯದ ಆದೇಶ ಸುಮಾರು ಒಂದೂಕಾಲು ವರ್ಷ ಮಾಡಲಾಗದುದನ್ನು ದೂರದ ಗಿರಾಕಿಯ ಒಂದು ಮಾತು ಕೆಲವೇ ವಾರಗಳಲ್ಲಿ ಮಾಡಿತು. ಇದು ನಮ್ಮ ಆಡಳಿತಕ್ಕೆ ಗೌರವ ತರುವ ಮಾತಲ್ಲ. ಎರಡನೆಯದಾಗಿ, ಆ ಗಿರಾಕಿಯೂ ಮಾತನಾಡಿದ್ದು ಮಾನಕ್ಕೆ ಅಂಜಿಯೇ ಹೊರತು ಕಾನೂನಿಗೆ ಅಂಜಿಯಲ್ಲ. ಪತ್ರಿಕೆಗಳು ಬರೆಯದೆ ಹೋಗಿದ್ದರೆ ಆ ನೀತಿಸಂಹಿತೆ ಕಪಾಟಿನಲ್ಲೇ ಉಳಿಯುತ್ತಿತ್ತು.

ಇದೇ ಕಾಲದ ಇನ್ನೊಂದು ಪ್ರಕರಣ ಶ್ರೀರಂಗಪಟ್ಟಣದ್ದು. ಅಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಒಂದು ಕಾರ್ಖಾನೆ ಸ್ವೀಡನ್ನಿನ ಎಚ್ ಅಂಡ್ ಎಂ ಕಂಪೆನಿಗೆ ಉಡುಪು ಹೊಲಿದುಕೊಡುತ್ತಿತ್ತು. 2020ರ ಜೂನ್‌ನಲ್ಲಿ ಬೇಡಿಕೆ ಕುಸಿದಿದೆಯೆಂದು ಹೇಳಿ, ಯಂತ್ರಗಳನ್ನು ಸಾಗಿಸಿ, ಸುಮಾರು 1,200 ಮಂದಿಯನ್ನು ಕೆಲಸವಿಲ್ಲದಂತೆ ಮಾಡಲಾಯಿತು. ತಮ್ಮಲ್ಲಿ ಸಂಘಟನೆ ಬಲವಾಗಿದ್ದುದೇ ಇದಕ್ಕೆ ಕಾರಣವೆಂದು ಕಾರ್ಮಿಕರು ಆಪಾದಿಸಿದರು. ಸಂಸ್ಥೆ ಅದನ್ನು ಒಪ್ಪಲಿಲ್ಲ. ಹೆಂಗಸರು ವಾರಗಟ್ಟಲೆ ಕಾರ್ಖಾನೆಯ ಬಾಗಿಲಲ್ಲಿ ಕುಳಿತರು. ಎಚ್ ಅಂಡ್ ಎಂ ಕಂಪೆನಿಯು ಜಾಗತಿಕ ಕಾರ್ಮಿಕ ಒಕ್ಕೂಟದೊಡನೆ ಮೊದಲೇ ಒಂದು ಒಪ್ಪಂದ ಮಾಡಿಕೊಂಡಿದ್ದುದರಿಂದ ಮಾತುಕತೆಗೆ ಒಂದು ದಾರಿಯಿತ್ತು. 2021ರ ಫೆಬ್ರುವರಿಯಲ್ಲಿ ಸಂಸ್ಥೆಯೂ ಕಾರ್ಮಿಕ ಸಂಘವೂ ಒಪ್ಪಂದಕ್ಕೆ ಸಹಿ ಹಾಕಿ, ಕೆಲಸ ಕಳೆದುಕೊಂಡವರನ್ನು ಸಂಸ್ಥೆಯ ಇತರ ಘಟಕಗಳಿಗೆ ತೆಗೆದುಕೊಳ್ಳಲು ಒಪ್ಪಿಗೆಯಾಯಿತು. ಮುಂಚೆಯೇ ಬರೆದಿಟ್ಟ ಒಪ್ಪಂದವೊಂದು ಕಷ್ಟಕಾಲದಲ್ಲಿ ಎಷ್ಟರಮಟ್ಟಿಗೆ ಒದಗಿಬರುತ್ತದೆಂಬುದಕ್ಕೆ ಇದು ನಿದರ್ಶನ.

ಅಂಥ ದಾರಿಯೇ ಇಲ್ಲದಿದ್ದರೆ ಏನಾಗುತ್ತದೆಂಬುದನ್ನೂ ಬೆಂಗಳೂರು ಕಂಡಿದೆ. 2006ರಲ್ಲಿ ನೆದರ್ಲೆಂಡ್ಸಿನ ಜೀ ಸ್ಟಾರ್ ಮೊದಲಾದ ಕಂಪೆನಿಗಳಿಗೆ ಜೀನ್ಸ್ ಹೊಲಿಯುತ್ತಿದ್ದ ಇಲ್ಲಿಯ ಸಂಸ್ಥೆಯೊಂದರಲ್ಲಿ ಕಾರ್ಮಿಕರನ್ನು ಕಠಿಣವಾಗಿ ನಡೆಸಿಕೊಳ್ಳಲಾಗುತ್ತಿದೆಯೆಂಬ ದೂರು ಹಾಲೆಂಡಿನವರೆಗೂ ಹೋಯಿತು. ಸಂಸ್ಥೆ ದೂರುಗಳನ್ನು ನಿರಾಕರಿಸಿ ಬೆಂಗಳೂರಿನ ನ್ಯಾಯಾಲಯಕ್ಕೆ ಹೋಯಿತು. ಆ ವಿಷಯವನ್ನು ಪ್ರಚಾರ ಮಾಡದಂತೆ ಸ್ಥಳೀಯ ಸಂಘಟನೆಗಳಿಗೆ ನಿರ್ಬಂಧವಾಯಿತು. ಮುಂದೆ ಹಾಲೆಂಡಿನ ಸಂಘಟನೆಗಳ ಮೇಲೂ ಇಲ್ಲಿ ಮಾನನಷ್ಟದ ಮೊಕದ್ದಮೆ ನಡೆಯಿತು. ಕೊನೆಗೆ 2008ರ ಜನವರಿಯಲ್ಲಿ ಆ ದೇಶದ ಮಾಜಿ ಪ್ರಧಾನಿ ರೂಡ್ ಲ್ಯುಬರ್ಸ್ ಅವರೇ ಮಧ್ಯಸ್ಥಿಕೆ ವಹಿಸಿ, ದೂರು ಆಲಿಸಲು ಒಬ್ಬ ನಿಷ್ಪಕ್ಷಪಾತಿಯನ್ನು ನೇಮಿಸುವಂತೆ ಒಪ್ಪಿಸಿ ವ್ಯಾಜ್ಯವನ್ನು ಮುಗಿಸಿದರು. ಬೆಂಗಳೂರಿನ ಹೊಲಿಗೆಯವರ ದೂರು ಕೇಳಿಸಿಕೊಳ್ಳಲು ಪರದೇಶದ ಮಾಜಿ ಪ್ರಧಾನಿಯೊಬ್ಬರು ಬರಬೇಕಾಯಿತೆಂಬುದನ್ನು ಯೋಚಿಸಿದರೆ, ಇದಕ್ಕೊಂದು ನಿಯತವಾದ ಕಾನೂನು ಏಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಈಗ ಅಂಥ ಕಾನೂನುಗಳು ಹುಟ್ಟಿವೆ. ಅವುಗಳ ಹಿಂದೆ ಬಾಂಗ್ಲಾದೇಶದ ಒಂದು ಘೋರ ಘಟನೆಯಿದೆ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸವಾರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,130ಕ್ಕೂ ಹೆಚ್ಚು ಉಡುಪು ಕಾರ್ಮಿಕರು ಸತ್ತರು. ಗೋಡೆ ಬಿರುಕು ಬಿಟ್ಟಿದ್ದು ಹಿಂದಿನ ದಿನವೇ ಕಂಡಿತ್ತು. ಆದರೂ ಅವರನ್ನು ಒಳಗೆ ಕಳುಹಿಸಲಾಗಿತ್ತು. ಅವಶೇಷಗಳ ನಡುವೆ ಯೂರೋಪಿನ ಅಂಗಡಿಗಳ ಹೆಸರಿನ ಚೀಟಿಗಳು ಸಿಕ್ಕವು. ಆ ದುಃಖದ ನೆನಪಿನಲ್ಲಿ ಫ್ರಾನ್ಸ್ ದೇಶ 2017ರ ಮಾರ್ಚ್‌ನಲ್ಲಿ ಎಚ್ಚರದ ಹೊಣೆಯ ಕಾನೂನನ್ನು ಮಾಡಿತು. ಸ್ವದೇಶದಲ್ಲಿ 5,000 ಅಥವಾ ಜಗತ್ತಿನಾದ್ಯಂತ 10,000 ನೌಕರರಿರುವ ಅಲ್ಲಿಯ ಕಂಪೆನಿಗಳು ತಮ್ಮ ಅಂಗಸಂಸ್ಥೆಗಳಲ್ಲೂ ಸರಬರಾಜುದಾರರಲ್ಲೂ ಆಗಬಹುದಾದ ಹಾನಿಯನ್ನು ಮೊದಲೇ ಗುರುತಿಸಿ, ತಡೆಯುವ ಯೋಜನೆಯನ್ನು ಪ್ರಕಟಿಸಬೇಕು. ಉಪೇಕ್ಷೆ ಮಾಡಿ ಹಾನಿಯಾದರೆ ಫ್ರಾನ್ಸಿನ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು.

ಜರ್ಮನಿಯ ಕಾನೂನು 2023ರ ಜನವರಿ 1ರಿಂದ 3,000 ನೌಕರರುಳ್ಳ ಕಂಪೆನಿಗಳಿಗೂ, ಮರುವರ್ಷದಿಂದ 1,000 ನೌಕರರುಳ್ಳ ಕಂಪೆನಿಗಳಿಗೂ ಅನ್ವಯವಾಯಿತು. ಇದರಲ್ಲಿ ನಮ್ಮ ಓದುಗರು ತಿಳಿಯಬೇಕಾದ ಅಂಶವೊಂದಿದೆ. ಕಂಪೆನಿಯು ದೂರು ಸ್ವೀಕರಿಸುವ ವ್ಯವಸ್ಥೆಯೊಂದನ್ನು ಇಟ್ಟಿರಬೇಕು, ಮತ್ತು ಅದು ಪರದೇಶದ ಸರಬರಾಜುದಾರರ ಕಾರ್ಮಿಕರಿಗೂ ತೆರೆದಿರಬೇಕು. ಅಂದರೆ ಪೀಣ್ಯದಲ್ಲೋ ದೊಡ್ಡಬಳ್ಳಾಪುರದಲ್ಲೋ ದುಡಿಯುವ ಹೆಣ್ಣುಮಗಳೊಬ್ಬಳು ಆ ಕಂಪೆನಿಗೂ, ಅಲ್ಲಿಯ ಸರ್ಕಾರದ ಅಧಿಕಾರಿಗಳಿಗೂ ದೂರು ಸಲ್ಲಿಸಬಹುದು. ದೊಡ್ಡ ಕಂಪೆನಿ ತಪ್ಪಿದರೆ ಅದರ ವಾರ್ಷಿಕ ವಹಿವಾಟಿನ ಶೇಕಡಾ 2ರವರೆಗೂ ದಂಡ ಬೀಳಬಹುದು. ಆದರೆ ನೊಂದವರಿಗೆ ಹೊಸದಾಗಿ ಪರಿಹಾರದ ಹಕ್ಕನ್ನು ಈ ಕಾನೂನು ಕೊಟ್ಟಿಲ್ಲ ಎಂಬುದು ಅದರ ಕೊರತೆ. ಯೂರೋಪಿನ ಒಕ್ಕೂಟವೂ 2024ರಲ್ಲಿ ಇಂಥದೇ ನಿರ್ದೇಶನವನ್ನು ಹೊರಡಿಸಿತು. ಆದರೆ ಉದ್ಯಮಗಳ ಒತ್ತಡಕ್ಕೆ ಮಣಿದು 2025ರ ಏಪ್ರಿಲ್‌ನಲ್ಲಿ ಅದರ ಅನ್ವಯವನ್ನು ಮುಂದೂಡಿತು. ಅದರ ವ್ಯಾಪ್ತಿಗೆ ಬರುವ ಕಂಪೆನಿಗಳ ಸಂಖ್ಯೆಯನ್ನು ಬಹಳವಾಗಿ ಇಳಿಸಲು ಆ ವರ್ಷದ ಡಿಸೆಂಬರಿನಲ್ಲಿ ಒಪ್ಪಂದವೂ ಆಯಿತು.

ಈ ಕಾನೂನುಗಳನ್ನು ವಿರೋಧಿಸುವವರ ಮಾತಿನಲ್ಲೂ ಹುರುಳಿಲ್ಲವೆನ್ನಲಾಗದು. ಪರದೇಶದ ಶಾಸನ ನಮ್ಮ ಕಾರ್ಖಾನೆಯ ಒಳಗೆ ಕೈಹಾಕುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವ ನಮ್ಮ ಪರಿಚಿತರೊಬ್ಬರು, "ಅಂಗಿಯ ಬೆಲೆಯನ್ನು ವರ್ಷವರ್ಷವೂ ಇಳಿಸು ಎನ್ನುತ್ತಾರೆ, ವೇತನ ಮಾತ್ರ ಏರಿಸು ಎನ್ನುತ್ತಾರೆ. ಎರಡೂ ಕಾಗದಗಳು ಒಂದೇ ಕಚೇರಿಯಿಂದ ಬರುತ್ತವೆ" ಎಂದು ನೊಂದು ನುಡಿದರು. ಅವರ ಮಾತು ಸತ್ಯ. ಬೆಲೆಯನ್ನು ಹಿಂಡುವವನೇ ಹೊಣೆಯನ್ನು ಕೆಳಗಿನವನ ಮೇಲೆ ಜಾರಿಸಿದರೆ ಅದು ಕಾಳಜಿಯಾಗದು. ಕಾನೂನು ಕೊಳ್ಳುವವನ ಕರಾರನ್ನೂ ಪರೀಕ್ಷಿಸಬೇಕು.

ತಪಾಸಣೆಯೆಂಬುದು ತೋರಿಕೆಯಾಗುವ ಅಪಾಯವೂ ಇದೆ. ತಪಾಸಣೆಗಾರರು ಬರುವ ದಿನ ಕುಡಿಯುವ ನೀರಿನ ಹೊಸ ಡಬ್ಬಗಳು ಬರುತ್ತವೆ, ಔಷಧಿಯ ಪೆಟ್ಟಿಗೆ ತುಂಬುತ್ತದೆ, ಮೇಲ್ವಿಚಾರಕರ ದನಿ ತಗ್ಗುತ್ತದೆ, ಅವರು ಹೋದ ಮರುದಿನ ಎಲ್ಲವೂ ಮೊದಲಿನಂತೆ ಎಂದು ನಮ್ಮ ನೆರೆಮನೆಯಾಕೆ ಹೇಳಿದಳು. ಢಾಕಾದ ಆ ಕಟ್ಟಡದೊಳಗಿನ ಕಾರ್ಖಾನೆಗಳಲ್ಲೂ ತಪಾಸಣೆಗಳು ನಡೆದಿದ್ದವು. ಆದುದರಿಂದ ಹೊರಗಿನಿಂದ ಬರುವ ಕಣ್ಣಿಗಿಂತ ಒಳಗಿನವರ ಬಾಯಿಗೆ ಬಲ ಕೊಡುವುದು ಹೆಚ್ಚು ಫಲಕಾರಿಯೆಂದು ನಮ್ಮ ಅಭಿಪ್ರಾಯ. ದೂರು ಹೇಳಿದವಳ ಕೆಲಸ ಉಳಿಯುತ್ತದೆಂಬ ಭರವಸೆ ಇಲ್ಲದ ಕಡೆ ದೂರಿನ ಪೆಟ್ಟಿಗೆ ಖಾಲಿಯಾಗಿಯೇ ಇರುತ್ತದೆ.

ಇಲ್ಲಿಯವರೆಗೆ ನಾವು ಮಾತನಾಡಿದ್ದು ಕೇಳುವವರ ಪಕ್ಷದಲ್ಲಿ ನಿಂತು. ಇನ್ನು ಕೊಂಚ ತಿರುಗಿ ನಿಂತು ನೋಡಬೇಕಾಗಿದೆ.

ಉತ್ತರ ಬೆಂಗಳೂರಿನವರಿಗೆ ಗುಲಾಬಿಯ ವ್ಯಾಪಾರ ಅಪರಿಚಿತವಲ್ಲ. ಹೆಬ್ಬಾಳದ ಹೂವಿನ ಹರಾಜು ಕೇಂದ್ರ ನಮಗೆಲ್ಲ ಗೊತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಹಸಿರುಮನೆಗಳಲ್ಲಿ ಬೆಳೆದ ಹೂಗಳು ಪರದೇಶಗಳಿಗೂ ಹೋಗುತ್ತವೆ. 1990ರ ದಶಕದಲ್ಲಿ ದೊಡ್ಡಬಳ್ಳಾಪುರದ ಬಳಿ ಸಣ್ಣದಾಗಿ ಗುಲಾಬಿ ಬೆಳೆಯತೊಡಗಿದ ಬೆಂಗಳೂರಿನ ಕರುತೂರಿ ಎಂಬ ಕಂಪೆನಿ ಬೆಳೆಬೆಳೆದು, 2007ರಲ್ಲಿ ಕೀನ್ಯಾದ ನೈವಾಶಾ ಸರೋವರದ ದಂಡೆಯ ಭಾರಿ ಗುಲಾಬಿ ತೋಟವನ್ನು ಕೊಂಡಿತು. ಪ್ರಪಂಚದ ದೊಡ್ಡ ಗುಲಾಬಿ ಬೆಳೆಗಾರರ ಸಾಲಿನಲ್ಲಿ ನಿಂತಿತು. ಆಗ ನಾವೆಲ್ಲ ಹೆಮ್ಮೆಪಟ್ಟೆವು. ಅನಂತರ ಅದು ಇಥಿಯೋಪಿಯಾದ ಗ್ಯಾಂಬೆಲ್ಲಾ ಪ್ರಾಂತದಲ್ಲಿ ಒಂದು ಲಕ್ಷ ಹೆಕ್ಟೇರ್ ಭೂಮಿಯನ್ನು ಅತ್ಯಲ್ಪ ಬಾಡಿಗೆಗೆ ಗುತ್ತಿಗೆ ಹಿಡಿಯಿತು. ಮುಂದೆ ಅದನ್ನು ಮೂರು ಲಕ್ಷಕ್ಕೆ ಹೆಚ್ಚಿಸಿಕೊಳ್ಳುವ ಅವಕಾಶವೂ ಕರಾರಿನಲ್ಲಿತ್ತು.

ಆ ನೆಲ ಬರಿದಾಗಿರಲಿಲ್ಲ. ಅನುವಾಕ್ ಎಂಬ ಜನ ಅಲ್ಲಿ ತಲೆಮಾರುಗಳಿಂದ ಬೇಸಾಯ, ಬೇಟೆ, ಮೀನುಗಾರಿಕೆಗಳಿಂದ ಬಾಳುತ್ತಿದ್ದರು. ಕಾಗದಪತ್ರದಲ್ಲಿ ಮಾತ್ರ ಅದು ಸರ್ಕಾರದ ಭೂಮಿ. ಆ ಪ್ರಾಂತದಲ್ಲಿ ಸರ್ಕಾರವು ಹಳ್ಳಿಗರನ್ನು ಬಲವಂತದಿಂದ ಬೇರೆಡೆಗೆ ಸಾಗಿಸುತ್ತಿದೆಯೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2012ರಲ್ಲಿ ವರದಿ ಮಾಡಿತು. ಸರ್ಕಾರ ಅದನ್ನು ಅಲ್ಲಗಳೆಯಿತು. ನದಿಯ ನೆರೆ ಬಂದು ಮೆಕ್ಕೆಜೋಳದ ಬೆಳೆ ಕೊಚ್ಚಿಹೋಯಿತು. ನಿರೀಕ್ಷೆಯಂತೆ ಕೃಷಿ ನಡೆಯಲಿಲ್ಲವೆಂದು 2015ರ ಕೊನೆಯಲ್ಲಿ ಇಥಿಯೋಪಿಯಾ ಗುತ್ತಿಗೆಯನ್ನೇ ರದ್ದುಮಾಡಿತು. ಅದಕ್ಕೆ ಮುನ್ನ 2014ರಲ್ಲಿ ನೈವಾಶಾದ ತೋಟವೂ ಸಾಲಗಾರರ ಪರವಾಗಿ ನೇಮಕವಾದ ಆಡಳಿತಗಾರರ ಕೈಸೇರಿತು. ಅಲ್ಲಿಯ ಸಾವಿರಾರು ಕಾರ್ಮಿಕರು ಸಂಬಳಕ್ಕಾಗಿ ಪರದಾಡಿದರು.

ಕಂಪೆನಿಯ ತಪ್ಪು ಎಷ್ಟು, ಅಲ್ಲಿಯ ಸರ್ಕಾರದ ತಪ್ಪು ಎಷ್ಟು, ವಿಧಿಯ ಪಾಲು ಎಷ್ಟೆಂದು ತೂಗುವುದು ಈ ಅಂಕಣದ ಉದ್ದೇಶವಲ್ಲ. ನಮ್ಮ ಪ್ರಶ್ನೆ ಬೇರೆ. ಗ್ಯಾಂಬೆಲ್ಲಾದ ಬೇಸಾಯಗಾರನೊಬ್ಬ ಅಥವಾ ನೈವಾಶಾದ ಹೂ ಕೊಯ್ಯುವ ಹೆಂಗಸೊಬ್ಬಳು ತನ್ನ ದೂರನ್ನು ಹಿಡಿದು ಬೆಂಗಳೂರಿಗೆ ಬಂದಿದ್ದರೆ, ಯಾವ ಬಾಗಿಲನ್ನು ತಟ್ಟಬೇಕಾಗಿತ್ತು? ಫ್ರಾನ್ಸಿನಂಥ ಕಾನೂನು ನಮ್ಮಲ್ಲಿಲ್ಲ. ಜರ್ಮನಿಯಲ್ಲಿರುವಂಥ ದೂರಿನ ಕಚೇರಿಯೂ ಇಲ್ಲ. ಭೋಪಾಲದವರನ್ನು ನ್ಯೂಯಾರ್ಕಿನಿಂದ ಹಿಂದಕ್ಕೆ ಕಳುಹಿಸಿದಾಗ ನಾವು ನೊಂದೆವು; ಇವರು ಬಂದಿದ್ದರೆ ನಾವು ಏನು ಹೇಳಿ ಕಳುಹಿಸುತ್ತಿದ್ದೆವು?

ಇತರ ದೇಶಗಳ ನ್ಯಾಯಾಲಯಗಳು ಈ ವಿಷಯದಲ್ಲಿ ಮುಂದೆ ಹೋಗಿವೆ. ಆಫ್ರಿಕದ ಜಾಂಬಿಯಾದಲ್ಲಿ ತಾಮ್ರದ ಗಣಿಯ ವಿಷಜಲದಿಂದ ತಮ್ಮ ನೀರೂ ನೆಲವೂ ಕೆಟ್ಟವೆಂದು ಚಿಂಗೋಲಾ ಸುತ್ತಿನ 1,826 ಹಳ್ಳಿಗರು ಲಂಡನ್ನಿನಲ್ಲಿ ದಾವೆ ಹೂಡಿದರು. ಗಣಿಯ ತಾಯಿ ಕಂಪೆನಿ ಭಾರತೀಯರೇ ಸ್ಥಾಪಿಸಿದ, ನಮ್ಮ ಚಿತ್ರದುರ್ಗದಲ್ಲೂ ಕಬ್ಬಿಣದ ಅದಿರು ತೆಗೆಯುವ ವೇದಾಂತ. ತಾಯಿ ಕಂಪೆನಿಯು ಅಂಗಸಂಸ್ಥೆಯ ಆಡಳಿತದಲ್ಲಿ ಎಷ್ಟರಮಟ್ಟಿಗೆ ಕೈಹಾಕಿತ್ತು, ಎಂಥ ಭರವಸೆಗಳನ್ನು ಪ್ರಕಟಿಸಿತ್ತು ಎಂಬುದನ್ನು ನೋಡಿ ಕಾಳಜಿಯ ಹೊಣೆಯನ್ನು ನಿರ್ಧರಿಸಬಹುದೆಂದು 2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಹೇಳಿ, ವಿಚಾರಣೆಗೆ ಅನುಮತಿ ಕೊಟ್ಟಿತು. 2021ರಲ್ಲಿ, ತಪ್ಪೊಪ್ಪಿಗೆಯಿಲ್ಲದೆ, ರಾಜಿಯಾಯಿತು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 2013ರ ಕಂಪೆನಿ ಕಾಯ್ದೆಯ 135ನೆಯ ಕಲಮಿನಂತೆ ನಿಗದಿತ ಮಟ್ಟಕ್ಕಿಂತ ದೊಡ್ಡದಾದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಇದರಿಂದ ಎಷ್ಟೋ ಶಾಲೆಗಳಿಗೆ ಶೌಚಾಲಯಗಳೂ ಆಸ್ಪತ್ರೆಗಳಿಗೆ ಉಪಕರಣಗಳೂ ಬಂದಿವೆಯೆಂಬುದು ಸಂತೋಷದ ಸಂಗತಿ. ಆದರೆ 2021ರ ತಿದ್ದುಪಡಿಯಂತೆ, ಕ್ರೀಡಾಪಟುಗಳ ತರಬೇತಿಯೊಂದನ್ನು ಬಿಟ್ಟರೆ, ದೇಶದ ಹೊರಗೆ ಮಾಡಿದ ವೆಚ್ಚ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ದೊಡ್ಡ ಸಾವಿರ ನೋಂದಾಯಿತ ಕಂಪೆನಿಗಳು ತಮ್ಮ ವ್ಯವಹಾರದಲ್ಲಿ ಮಾನವ ಹಕ್ಕುಗಳನ್ನು ಹೇಗೆ ಪಾಲಿಸುತ್ತಿವೆಯೆಂದು ವರ್ಷಕ್ಕೊಮ್ಮೆ ವರದಿ ಕೊಡಬೇಕೆಂದು ಸೆಬಿ ವಿಧಿಸಿದೆ. ಅದು ಹೇಳಿಕೆಯ ಹೊಣೆ. ಪರದೇಶದಲ್ಲಿ ನೊಂದವನಿಗೆ ಅದರಿಂದ ಪರಿಹಾರದ ಹಕ್ಕು ಬರುವುದಿಲ್ಲ.

ಇಲ್ಲಿ ಒಂದು ಮುಖ್ಯ ಭೇದವನ್ನು ನಾವು ಮರೆಯಬಾರದು. ಶೇಕಡಾ 2ರ ನಿಯಮ ಬಂದ ಲಾಭವನ್ನು ಹೇಗೆ ಹಂಚಬೇಕೆಂದು ಹೇಳುತ್ತದೆ. ಕಾಳಜಿಯ ಹೊಣೆ ಆ ಲಾಭ ಹೇಗೆ ಬಂತೆಂದು ಕೇಳುತ್ತದೆ. ನಮ್ಮ ಶರಣರ ಮನೆಗಳಲ್ಲಿ ಈ ಎರಡರ ನಡುವೆ ಗೊಂದಲವಿರಲಿಲ್ಲ. ಕಾಯಕ ಶುದ್ಧವಾಗಿದ್ದರೆ ಮಾತ್ರ ದಾಸೋಹಕ್ಕೆ ಬೆಲೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ದಾಸೋಹಕ್ಕೆ ಬಳಸೋಣವೆನ್ನಲಿಲ್ಲ. ತಂದಲ್ಲಿಗೇ ಸುರಿದು ಬನ್ನಿರೆಂದರು. ಒಂದು ಕಡೆ ವೇತನವನ್ನು ಬಾಕಿಯಿಟ್ಟು ಇನ್ನೊಂದು ಕಡೆ ಶಾಲೆಗೆ ಬೆಂಚು ದಾನಮಾಡುವ ಕಂಪೆನಿಗೆ ಆ ತಾಯಿ ಏನು ಹೇಳಿಯಾರೆಂದು ಊಹಿಸುವುದು ಕಷ್ಟವಲ್ಲ.

ಇದೆಲ್ಲ ಸರ್ಕಾರ ಮತ್ತು ನ್ಯಾಯಾಲಯಗಳ ಮಾತಾಯಿತು, ಗೃಹಸ್ಥರಾದ ನಾವು ಮಾಡುವುದೇನೆಂದು ಓದುಗರು ಕೇಳಬಹುದು. ನಮಗೂ ಕೆಲಸವಿದೆ. ನಮ್ಮ ಮನೆಯಲ್ಲೋ ಓಣಿಯಲ್ಲೋ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳಿದ್ದರೆ, ಪ್ರತಿ ವರ್ಷ ಏಪ್ರಿಲ್ ತಿಂಗಳ ವೇತನಚೀಟಿಯನ್ನು ಮಾರ್ಚ್ ತಿಂಗಳ ಚೀಟಿಯೊಡನೆ ಹೋಲಿಸಿ ನೋಡಲು ಅವರಿಗೆ ನೆರವಾಗಬೇಕು. ತುಟ್ಟಿಭತ್ಯೆ ಏರಿದೆಯೇ, ಭವಿಷ್ಯನಿಧಿಗೆ ಹಣ ಸಂದಾಯವಾಗಿದೆಯೇ ಎಂದು ಓದಿಹೇಳುವುದು ಓದಿದವರ ಕರ್ತವ್ಯ. ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳುವಂತೆ ತಿಳಿಸಬೇಕು. ಬಾಕಿಯ ಪ್ರಶ್ನೆ ಬಂದಾಗ ಸಾಕ್ಷಿಯಾಗಿ ನಿಲ್ಲುವುದು ಆ ಚೀಟಿಯೇ.

ನಮ್ಮ ಮಕ್ಕಳಲ್ಲಿ ಅನೇಕರು ಹೆಬ್ಬಾಳದಾಚೆಯ ದೊಡ್ಡ ಕಚೇರಿಗಳಲ್ಲಿ ಕುಳಿತು ಪರದೇಶದ ಕಂಪೆನಿಗಳ ಖರೀದಿಯ ಲೆಕ್ಕ ನೋಡುತ್ತಾರೆ. ಕೆಲವರು ಲೆಕ್ಕಪರಿಶೋಧಕರು, ಕೆಲವರು ವಕೀಲರು. ಸರಬರಾಜುದಾರನ ಬೆಲೆಯನ್ನು ಇನ್ನಷ್ಟು ಇಳಿಸಲು ಟಿಪ್ಪಣಿ ಬರೆಯುವ ಮುನ್ನ, ಆ ಇಳಿಕೆ ಯಾರ ಡಬ್ಬಿಯ ಅನ್ನದಿಂದ ಬರುತ್ತದೆಂದು ಅವರು ಒಮ್ಮೆ ಕೇಳಿಕೊಳ್ಳಲಿ. ಷೇರುಗಳಲ್ಲಿ ಹಣ ತೊಡಗಿಸಿದವರು ಕಂಪೆನಿಯ ವಾರ್ಷಿಕ ವರದಿಯಲ್ಲಿ ಲಾಭಾಂಶದ ಪುಟವನ್ನಷ್ಟೇ ನೋಡದೆ, ಪರದೇಶದಲ್ಲಿ ಅದು ಏನು ಮಾಡುತ್ತಿದೆಯೆಂಬ ಪುಟವನ್ನೂ ತಿರುವಲಿ. ಮಹಾಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಒಂದೇ ಒಂದು ಷೇರು ಇರುವವರಿಗೂ ಉಂಟು.

ಪರದೇಶದಲ್ಲಿರುವ ನಮ್ಮ ಬಂಧುಗಳಿಗೂ ಒಂದು ಮಾತು. ಅಂಗಡಿಯಲ್ಲಿ ಅಂಗಿ ಕೊಳ್ಳುವಾಗ ಅದು ಎಲ್ಲಿ ಹೊಲಿದದ್ದು, ಹೊಲಿದವರಿಗೆ ದೂರು ಹೇಳಲು ದಾರಿಯಿದೆಯೇ ಎಂದು ಒಂದು ಪತ್ರ ಬರೆದು ಕೇಳಬಹುದು. ಅಲ್ಲಿಯ ಕಾನೂನನ್ನು ಸಡಿಲಿಸುವ ಮಾತು ಬಂದಾಗ, ಮತದಾರರಾದವರು ತಮ್ಮ ಊರಿನ ಹೆಣ್ಣುಮಕ್ಕಳನ್ನು ನೆನೆಯಬಹುದು.

ಆ ಜರ್ಮನಿಯ ಬಂಧುಗಳು ಹೋದ ವರ್ಷ ಮತ್ತೆ ಬಂದಿದ್ದರು. ತಾವು ಅಂಗಿ ಕೊಳ್ಳುವ ಅಂಗಡಿಗೆ ಪತ್ರ ಬರೆದು, ಕಾರ್ಮಿಕರು ದೂರು ಸಲ್ಲಿಸುವ ವಿಧಾನವನ್ನು ಕೇಳಿ ತರಿಸಿಕೊಂಡ ಉತ್ತರವನ್ನು ಜೊತೆಯಲ್ಲಿ ತಂದಿದ್ದರು. ಎರಡು ಪುಟದ ಆ ಕಾಗದ ಇಂಗ್ಲಿಷಿನಲ್ಲಿತ್ತು. ನಾವು ಒಂದು ಸಂಜೆ ಕುಳಿತು ಅದನ್ನು ಕನ್ನಡಕ್ಕೆ ಬರೆದುಕೊಟ್ಟೆವು. ನೆರೆಮನೆಯ ಹೆಣ್ಣುಮಗಳು ಅದನ್ನು ಎರಡು ಸಲ ಓದಿ, ಮಡಿಸಿ, ವೇತನಚೀಟಿಗಳ ಕಟ್ಟಿನಲ್ಲಿ ಇಟ್ಟುಕೊಂಡಳು. ಅವಳ ಕಾರ್ಖಾನೆ ಆ ಅಂಗಡಿಗೆ ಹೊಲಿಯುವುದಿಲ್ಲ. ಆದರೆ ತನ್ನ ಜೊತೆ ಬಸ್ಸಿನಲ್ಲಿ ಬರುವ ಇಬ್ಬರು ಹೊಲಿಯುತ್ತಾರೆ, ಅವರಿಗೆ ತೋರಿಸುತ್ತೇನೆ ಎಂದಳು.